ಅಟ್ಟ ಖಾಲಿಯಾದ ಬೇಸಿಗೆ

ಮೊನ್ನೆ ಮಧ್ಯಾಹ್ನ ಬಾಗಿಲಲ್ಲಿ ಕೂತು ಯಾರದೋ ರವಿಕೆಗೆ ಹುಕ್ಕು ಹಚ್ಚುತ್ತಿದ್ದೆ. ಗಾಳಿಯೇ ಇರಲಿಲ್ಲ, ಆದರೂ ಎಲ್ಲಿಂದಲೋ ನುಸಿಗುಳಿಗೆಯ ವಾಸನೆ ಬಂತು. ತಲೆಯೆತ್ತಿ ನೋಡಿದರೆ ಎದುರುಮನೆಯ ಹಗ್ಗದ ಮೇಲೆ ಒಂದು ಜೊತೆ ಉಣ್ಣೆಯ ಕಾಲುಚೀಲ ನೇತಾಡುತ್ತಿದ್ದವು. ಬೂದುಬಣ್ಣ, ಮೇಲ್ಗಡೆ ಕೆಂಪು ಪಟ್ಟೆ. ಯುಗಾದಿ ಕಳೆದು ನಾಯಿ ಕೂಡ ನೆರಳು ಬಿಟ್ಟು ಏಳದ ಬಿಸಿಲು. ಅಂಥ ಬಿಸಿಲಲ್ಲಿ ಉಣ್ಣೆಯ ಕಾಲುಚೀಲ ಒಣಗುವುದನ್ನು ಹೊರಗಿನವರು ನೋಡಿದ್ದರೆ ನಕ್ಕಿರೋರು. ನನಗೆ ನಗು ಬರಲಿಲ್ಲ. ಅವನ್ನು ಹೆಣೆಯುವಾಗ ನಾನು ಪಕ್ಕದಲ್ಲೇ ಕೂತಿದ್ದೆ...

ಅವಳನ್ನು ನಾನು ಅಕ್ಕ ಅಂತ ಕರೆಯುತ್ತಿದ್ದೆ. ನೆಂಟಸ್ತಿಕೆ ಏನೂ ಇಲ್ಲ, ನಡುವೆ ಒಂದು ಓಣಿ, ಅಷ್ಟೆ. ಹಾಗಾಗಿ ಅವಳ ಗಂಡ ನನಗೆ ಭಾವ. ಭಾವ ಮಿಲಿಟರಿಯಲ್ಲಿದ್ದವರು. ಉತ್ತರದ ಕಡೆ ಬೆಟ್ಟದ ಊರೊಂದರಲ್ಲಿ ಇಬ್ಬರೂ ಬಹಳ ವರ್ಷ ಕ್ವಾರ್ಟರ್ಸಿನಲ್ಲಿದ್ದು, ಪೆನ್ಷನ್ ಆದಮೇಲೆ ಶೆಟ್ಟಿಕೆರೆ ಪಕ್ಕದ ನಮ್ಮ ಹಳ್ಳಿಗೆ ಬಂದು ನೆಲೆಸಿದ್ದರು. ತೆಂಗಿನ ತೋಟವಿತ್ತು, ಮನೆಯಿತ್ತು, ಮನೆಯಲ್ಲಿ ಭಾವನ ತಾಯಿ ಇದ್ದರು. ಮಕ್ಕಳಿರಲಿಲ್ಲ.

ಗಂಡ ಹೆಂಡತಿ ಇಬ್ಬರೂ ಒಳ್ಳೆಯವರೇ. ಆದರೆ ಒಂದು ವಿಷಯದಲ್ಲಿ ಮಾತ್ರ ಅವರಿಗೆ ದಿನಾ ಜಗಳ. ಭಾವನಿಗೆ ಬಿಸಿಲು ಬೇಕು, ಅಕ್ಕನಿಗೆ ಚಳಿ ಬೇಕು. ಬೆಟ್ಟದ ಮೇಲೆ ಮಂಜುಗಡ್ಡೆಯಲ್ಲಿ ಕಾವಲು ನಿಂತು ಭಾವನ ಎಡಗಾಲಿನ ಬೆರಳುಗಳು ಕಪ್ಪಾಗಿ, ಅವನ್ನು ಕತ್ತರಿಸಿ ತೆಗೆದಿದ್ದರು. ಉಳಿದ ಪಾದಕ್ಕೆ ಸ್ವಲ್ಪ ತಂಪು ತಾಗಿದರೂ ಜೀವ ಹೋಗುವಂಥ ನೋವು. ಬೆಳಿಗ್ಗೆ ಹತ್ತರ ಮೇಲೆ ಕಾದ ಚಪ್ಪಡಿ ಕಲ್ಲಿನ ಮೇಲೆ ಕಾಲು ಚಾಚಿ ಕೂತರೆ ಅವರ ಮುಖ ಅರಳುತ್ತಿತ್ತು. ಬಿಸಿಲು ಅಂದರೆ ಬಿಟ್ಟಿ ಔಷಧಿ, ಬೆವರು ಹರಿದಷ್ಟೂ ಕಾಯಿಲೆ ಹೊರಗೆ ಹೋಗುತ್ತದೆ ಅಂತ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಹೇಳುತ್ತಿದ್ದರು. ನಾನೂ ಅವರ ಪಕ್ಷವೇ. ಒಂದು ಸಲ ಊಟಿಗೆ ಟೂರು ಹೋಗಿ ಮೂಗು ಸೋರಿಸಿಕೊಂಡು ಬಂದವಳು ನಾನು. ಕಂಬಳಿ ಹೊದ್ದು ಬಸ್ಸಿನ ಕಿಟಕಿಯಿಂದ ನೋಡಿದ್ದು ಬಿಟ್ಟರೆ ಊಟಿಯಲ್ಲಿ ಏನಿತ್ತೋ ಗೊತ್ತಿಲ್ಲ.

ಅಕ್ಕ ಹುಟ್ಟಿದ್ದು ಹುಳಿಯಾರಿನಲ್ಲಿ. ನಮ್ಮ ಕಡೆ ಬಿಸಿಲಿಗೆ ಹುಳಿಯಾರೇ ಹೆಸರುವಾಸಿ. ಅಲ್ಲಿ ಹುಟ್ಟಿದವಳಿಗೆ ಇಲ್ಲಿಯ ಬಿಸಿಲು ಯಾವ ಲೆಕ್ಕ ಅಂತ ಎಲ್ಲರೂ ರೇಗಿಸುತ್ತಿದ್ದೆವು. ಅವಳು ಮಾತ್ರ ಮೈ ಬದಲಾಗಿಹೋಗಿದೆ ಅನ್ನುತ್ತಿದ್ದಳು. ಬೆಟ್ಟದ ಊರಲ್ಲಿ ವರ್ಷಕ್ಕೆ ನಾಲ್ಕು ಕಾಲವಂತೆ. ಹೂ ಬಿಡುವ ಕಾಲ, ಹಿತವಾದ ಬಿಸಿಲಿನ ಕಾಲ, ಎಲೆ ಉದುರುವ ಕಾಲ, ಮಂಜಿನ ಕಾಲ. ಒಂದು ಬೇಸರ ಆಗುವಷ್ಟರಲ್ಲಿ ಇನ್ನೊಂದು ಬರುತ್ತದೆ, ಮೈಗೂ ಮನಸ್ಸಿಗೂ ಬಿಡುವು ಸಿಗುತ್ತದೆ ಅಂತ ಹೇಳುವಾಗ ಅವಳ ಕಣ್ಣು ಎಲ್ಲೋ ಇರುತ್ತಿತ್ತು. "ನಮ್ಮೂರಾಗೆ ಇರೋದು ಎರಡೇ ಕಾಲ ಕಣೇ. ಬಿಸ್ಲು, ಇನ್ನೂ ಜಾಸ್ತಿ ಬಿಸ್ಲು," ಅಂತ ನಗುತ್ತಿದ್ದಳು. ನಗುವಾಗಲೂ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು.

ಅವರ ಮನೆಗೆ ಮೊದಲು ನಾಡಹೆಂಚಿತ್ತು. ಕೋತಿಗಳು ಕುಣಿದು ಒಡೆದು ಹಾಕಿದ್ದರಿಂದ ಭಾವ ಬಂದ ವರ್ಷವೇ ಹೆಂಚು ತೆಗೆಸಿ ತಗಡಿನ ಶೀಟು ಹೊದಿಸಿದ್ದರು. ನಮ್ಮದೂ ಶೀಟೇ, ಊರಿನ ಮುಕ್ಕಾಲು ಮನೆಗಳೂ ಶೀಟೇ. ಶೀಟಿನ ಕೆಳಗೆ ಅಟ್ಟ. ಅಟ್ಟದಲ್ಲಿ ಸೂರಿಗೆ ತಾಗುವ ಹಾಗೆ ಇಡೀ ತೆಂಗಿನಕಾಯಿ. ನಮ್ಮ ಕಡೆ ಕೊಬ್ಬರಿ ಆಗುವುದೇ ಹಾಗೆ. ಸುಲಿಯದ ಕಾಯಿಯನ್ನು ವರ್ಷದ ಹತ್ತಿರ ಹತ್ತಿರ ಅಟ್ಟದಲ್ಲಿ ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಟಗಟ ಅನ್ನುತ್ತದೆ. ಆಮೇಲೆ ಇಳಿಸಿ, ಸುಲಿದು, ಒಡೆದು, ತಿಪಟೂರಿನ ಮಾರುಕಟ್ಟೆಗೆ ಸಾಗಿಸುತ್ತಾರೆ.

ಭಾವನ ತಾಯಿ ಬದುಕಿದ್ದಷ್ಟು ದಿನ ಒಂದು ಹಟ ಹಿಡಿದಿದ್ದರು. ಬೇಸಿಗೆಯಲ್ಲಿ ಅಟ್ಟ ಪೂರ್ತಿ ಬರಿದು ಮಾಡಲು ಬಿಡುತ್ತಿರಲಿಲ್ಲ. ಮೊದಲ ಮಳೆ ಬೀಳುವ ತನಕ ತಳದ ಕಾಯಿ ಇರಲೇಬೇಕು. ಯಾಕೆ ಅಂತ ಕೇಳಿದರೆ, ಆಗಿಬರೋದಿಲ್ಲ ಅನ್ನುತ್ತಿದ್ದರು, ಅದರ ಮೇಲೆ ಒಂದು ಮಾತಿಲ್ಲ. ಯಾವುದೋ ಹರಕೆಯೋ ಶಾಸ್ತ್ರವೋ ಇರಬೇಕು ಅಂದುಕೊಂಡಿದ್ದೆವು. ಭಾವ ಮಿಲಿಟರಿಯವರು, ಇಂಥದ್ದಕ್ಕೆಲ್ಲ ನಗುವವರು. ಆದರೂ ತಾಯಿಯ ಮಾತು ಮೀರುತ್ತಿರಲಿಲ್ಲ. ಆ ಮುದುಕಿ ಒಂದು ಶ್ರಾವಣದಲ್ಲಿ ತೀರಿಕೊಂಡರು.

ಮರುವರ್ಷದ ಬೇಸಿಗೆಯಲ್ಲಿ ಅಕ್ಕ ಶೆಟ್ಟಿಕೆರೆಯ ಬಸ್ ಸ್ಟ್ಯಾಂಡಿನಲ್ಲಿ ತಲೆ ತಿರುಗಿ ಬಿದ್ದಳು. ಬಿ.ಪಿ. ಮಾತ್ರೆ ಮೊದಲಿಂದಲೂ ತೆಗೆದುಕೊಳ್ಳುತ್ತಿದ್ದಳು. ತಿಪಟೂರಿನ ಡಾಕ್ಟರು ಭಾವನನ್ನು ಪಕ್ಕಕ್ಕೆ ಕರೆದು, ಈಕೆಯ ಮೈ ಶೆಕೆ ತಡೆಯೋದಿಲ್ಲ, ಬೇಸಿಗೆ ಎರಡು ತಿಂಗಳು ಎಲ್ಲಾದರೂ ತಂಪಿರುವ ಕಡೆ ಇಡಿ, ಇಲ್ಲದಿದ್ದರೆ ಜೀವಕ್ಕೇ ಕುತ್ತು ಅಂದರಂತೆ. ಅವತ್ತಿನಿಂದ ಭಾವ ಬಿಸಿಲಿನ ಗುಣಗಾನ ನಿಲ್ಲಿಸಿದರು. ಚಪ್ಪಡಿಯ ಮೇಲೆ ಕೂತರೂ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸುತ್ತಿರಲಿಲ್ಲ.

ಅದರ ಮುಂದಿನ ವರ್ಷ, ಬೇಸಿಗೆ ಕಾಲಿಡುವಾಗಲೇ ಭಾವ ನಮ್ಮ ಬಾಗಿಲಿಗೆ ಬಂದು ಸುದ್ದಿ ಹೇಳಿದರು. ಕೊಬ್ಬರಿಗೆ ಒಳ್ಳೆಯ ಬೆಲೆ ಬಂದಿದೆ, ಅಟ್ಟದಲ್ಲಿರುವುದನ್ನೆಲ್ಲ ಕೊಟ್ಟು ಆ ಬೆಟ್ಟದ ಊರಿನಲ್ಲೇ ಮಳೆ ಬರುವ ತನಕ ಒಂದು ರೂಮು ಹಿಡಿಯುತ್ತೇನೆ, ರೈಲಿನ ಟಿಕೆಟ್ಟೂ ಆಯಿತು ಅಂದರು. "ನಿಮ್ಮ ಕಾಲು ಭಾವ?" ಅಂದೆ. "ಕಾಲಿಗೇನು, ನೋಯ್ತವೆ. ಅವಳು ಉಳಿದ್ರೆ ಸಾಕು ಕಣಮ್ಮ," ಅಂದರು. ಹೆಂಡತಿಯ ಮುಂದೆ ಒಂದು ಮೆಚ್ಚುಗೆಯ ಮಾತಾಡಿದವರಲ್ಲ ಅವರು.

ಅಕ್ಕ ಚಿಕ್ಕ ಹುಡುಗಿಯ ಹಾಗಾಗಿಬಿಟ್ಟಳು. ಟ್ರಂಕಿನ ಅಡಿಯಿಂದ ಸ್ವೆಟರು, ಶಾಲು, ಉಣ್ಣೆಯ ಉಂಡೆ ಎಲ್ಲ ಹೊರಗೆ ಬಂದವು, ಓಣಿಯೆಲ್ಲ ನುಸಿಗುಳಿಗೆಯ ವಾಸನೆ. ಭಾವನ ಕಾಲಿಗೆ ಅಂತ ದಪ್ಪ ಕಾಲುಚೀಲ ಹೆಣೆಯಲು ಕೂತಳು. ಎಡಗಾಲಿನದನ್ನು ಮುಂದುಗಡೆ ಮೊಂಡಾಗಿ ಹೆಣೆದಳು, ಬೆರಳಿಲ್ಲದ ಜಾಗದಲ್ಲಿ ಉಣ್ಣೆ ಮಡಚಿ ಒತ್ತಬಾರದು ಅಂತ. ಅಂಗೈ ಬೆವರಿ ದಾರ ಜಾರಿದರೆ ರಾಗಿಹಿಟ್ಟು ಸವರಿಕೊಂಡು ಮತ್ತೆ ಹೆಣೆಯುತ್ತಿದ್ದಳು. ಬ್ಲೌಸು ಹೊಲಿಯುವ ಕೆಲಸ ಹಿಡಿದುಕೊಂಡು ನಾನೂ ಅಲ್ಲೇ ಹೋಗಿ ಕೂರುತ್ತಿದ್ದೆ.

ಅಷ್ಟರಲ್ಲಿ ಅಟ್ಟ ಇಳಿಸುವ ಕೆಲಸ ಶುರುವಾಯಿತು. ಆಳುಗಳು ಮೇಲಿಂದ ಅಂಗಳಕ್ಕೆ ಕಾಯಿ ಎಸೆಯುತ್ತಿದ್ದರು, ದಬ ದಬ ಅಂತ ಬೆಳಿಗ್ಗೆಯಿಂದ ಸಂಜೆಯ ತನಕ ಒಂದೇ ಸದ್ದು. ಅಕ್ಕ ಮಲಗುವ ಕೋಣೆಯ ಮೇಲೇ ಅಟ್ಟ. ಮೊದಲು ಆ ಕೋಣೆ ಮಬ್ಬಾಗಿ, ಹಗಲಲ್ಲೂ ದೀಪ ಹಾಕುವ ಹಾಗಿರುತ್ತಿತ್ತು. ಕಾಯಿ ಇಳಿಯುತ್ತ ಹೋದ ಹಾಗೆ ಸೂರಿನಂಚಿನ ಬೆಳಕು ಅಟ್ಟದ ಬಿದಿರು ದಬ್ಬೆಗಳ ಸಂದಿಯಲ್ಲಿ ಬೀಳತೊಡಗಿತು. ಕೋಣೆ ಎಷ್ಟು ಚೆನ್ನಾಗಿ ಕಾಣುತ್ತದೆ ಅಂದುಕೊಂಡೆ ನಾನು. ಅಕ್ಕ ಹೆಣಿಗೆ ನಿಲ್ಲಿಸಿ ಮೇಲೆ ನೋಡುತ್ತ ಕೂತಿದ್ದಳು.

"ಮ್ಯಾಲೆ ತಗಡು ಕಾಣ್ತೈತೆ ಕಣೇ," ಅಂದಳು.

ಯಾಕೋ ಆ ಮಾತು ನನಗೆ ಹಿಡಿಸಲಿಲ್ಲ. ಸಂಜೆ ಅವಳು ಭಾವನಿಗೆ, ಅತ್ತೆ ಹೇಳುತ್ತಿದ್ದ ಹಾಗೆ ತಳದ ಕಾಯಿಗಳನ್ನಾದರೂ ಬಿಟ್ಟಿರಿ ಅಂತ ಕೇಳಿದ್ದು ನನ್ನ ಎದುರಿಗೇ. ಭಾವ ರೇಗಲಿಲ್ಲ. ವ್ಯಾಪಾರಿ ಇಡೀ ಮಾಲು ಒಟ್ಟಿಗೆ ಕೇಳುತ್ತಿದ್ದಾನೆ, ಸೋಮವಾರ ರೈಲು ಹತ್ತುತ್ತೇವೆ, ಖಾಲಿ ಅಟ್ಟದ ಕೆಳಗೆ ಇರಬೇಕಾದ್ದು ಇನ್ನೆಷ್ಟು ದಿನ ಅಂತ ಸಮಾಧಾನ ಹೇಳಿದರು. ಅಕ್ಕನೂ ಹೌದು ಬುಡಿ ಅಂದಳು. ನಮಗೆ ಯಾರಿಗೂ ಹೊಳೆಯಲಿಲ್ಲ. ವರ್ಷಗಟ್ಟಲೆ ಆ ಮನೆಗೆ ನೆರಳಾಗಿದ್ದದ್ದು ಮೇಲಿನ ಶೀಟಲ್ಲ, ಶೀಟಿಗೂ ಮನುಷ್ಯರಿಗೂ ನಡುವೆ ಒಟ್ಟಿದ್ದ ಕಾಯಿ ಅಂತ.

ಅಟ್ಟ ಗುಡಿಸಿ ಖಾಲಿ ಮಾಡಿದ ಮೇಲೆ ಆ ಕೋಣೆಗೆ ಕಾಲಿಟ್ಟರೆ ಒಲೆಯ ಮುಂದೆ ಬಗ್ಗಿದ ಹಾಗಾಗುತ್ತಿತ್ತು. ಫ್ಯಾನು ಹಾಕಿದರೆ ಮೇಲಿನ ಬಿಸಿಯನ್ನೇ ಕೆಳಗೆ ತಳ್ಳುತ್ತಿತ್ತು. ಮಧ್ಯಾಹ್ನ ತಗಡು ಕಾದು ಟಕ್ ಟಕ್ ಅನ್ನುತ್ತಿತ್ತು. ಅಕ್ಕ ಊಟ ಕಡಿಮೆ ಮಾಡಿದಳು. ತಲೆ ಭಾರ ಅನ್ನುತ್ತಿದ್ದಳು. ತೋಟಕ್ಕಾದರೂ ಹೋಗಿ ಮಲಗು ಅಂದರೆ, ಅಂಗಳದಲ್ಲಿ ಕೊಬ್ಬರಿ ಹರವಿದೆ, ಕೋತಿ ಕಾಯಬೇಕು ಅನ್ನುತ್ತಿದ್ದಳು. ಆ ಕೊಬ್ಬರಿ ಅವಳ ರೈಲಿನ ದಾರಿ, ಹೇಗೆ ಬಿಟ್ಟು ಹೋದಾಳು... ಒಮ್ಮೆ ಸೂಜಿ ಕೊಡುವಾಗ ಅವಳ ಕೈ ತಾಗಿತು. ಕೆಂಡದ ಹಾಗೆ ಸುಡುತ್ತಿತ್ತು, ಆದರೆ ಹನಿ ಬೆವರಿರಲಿಲ್ಲ. ಬೆವರು ನಿಂತಿತಲ್ಲ, ರಾಗಿಹಿಟ್ಟು ಬೇಡವಾಯಿತು ಅಂತ ಅವಳೇ ಖುಷಿಪಟ್ಟಳು.

ಭಾವ ಮಾಲು ಹೇರಿಕೊಂಡು ತಿಪಟೂರಿಗೆ ಹೋದ ದಿನ ಅಕ್ಕ ಎರಡನೆಯ ಕಾಲುಚೀಲದ ದಾರ ಕತ್ತರಿಸಿ, ಜೋಡಿಯನ್ನು ಎತ್ತಿ ನನಗೆ ತೋರಿಸಿದಳು. ಆಮೇಲೆ ಸ್ವಲ್ಪ ಅಡ್ಡಾಗುತ್ತೇನೆ ಅಂತ ಬಾಗಿಲು ಮುಂದೆ ಮಾಡಿಕೊಂಡಳು. ನಾನು ಮಿಷನ್ ತುಳಿಯಲು ಕೂತೆ. ಡೈರಿಗೆ ಹಾಲು ಹಾಕುವ ಹೊತ್ತಾದರೂ ಅವರ ಕೊಟ್ಟಿಗೆಯಲ್ಲಿ ಹಸು ಕೂಗುತ್ತಲೇ ಇತ್ತು. ಅಕ್ಕ ಅಂತ ಕರೆಯುತ್ತ ಓಣಿ ದಾಟಿದೆ.

ಒಳಗೆ ಹೋದರೆ ಮಂಚದ ಮೇಲೆ ಶಾಲು ಹೊದ್ದು ಮಲಗಿದ್ದಳು. ಮುಖ ಕೆಂಪಾಗಿ ಒಣಗಿತ್ತು, ಮೈ ನಡುಗುತ್ತಿತ್ತು, ಕಣ್ಣು ತೆರೆದಿದ್ದರೂ ನನ್ನನ್ನು ನೋಡುತ್ತಿರಲಿಲ್ಲ.

"ಕಿಟಕಿ ಮುಚ್ಚೇ... ಮಂಜು ಒಳಕ್ಕೆ ಬತ್ತೈತೆ," ಅಂದಳು.

ಕಿಟಕಿಯಲ್ಲಿ ಬಿಸಿಲಿತ್ತು. ಬಿಂದಿಗೆಯ ನೀರೆಲ್ಲ ಅವಳ ಮೈಮೇಲೆ ಸುರಿದೆ. ನನ್ನ ಗಂಡ ಆಟೋ ತಂದರು, ಒದ್ದೆ ಸೀರೆ ಸುತ್ತಿ ಕೂರಿಸಿಕೊಂಡು ಚಿಕ್ಕನಾಯಕನಹಳ್ಳಿಯ ಆಸ್ಪತ್ರೆಯ ದಾರಿ ಹಿಡಿದೆವು. ದಾರಿಯುದ್ದಕ್ಕೂ ತೋಟಗಳ ನೆರಳು ಅವಳ ಮುಖದ ಮೇಲೆ ಬಿದ್ದು ಹೋಗುತ್ತಿತ್ತು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಊರು ಇನ್ನೂ ಕಾಣುವ ಮೊದಲೇ ನಡುಕ ನಿಂತಿತು. ಸದ್ಯ, ಕಡಿಮೆಯಾಯಿತು ಅಂದುಕೊಂಡೆ...

ಭಾವ ಸಂಜೆ ಬಸ್ಸಿಗೆ ಬಂದರು. ಕೈಯಲ್ಲಿ ಹೊಸ ಫ್ಲಾಸ್ಕಿತ್ತು, ರೈಲಿನಲ್ಲಿ ಬಿಸಿನೀರಿಗೆ ಅಂತ. ಅದನ್ನು ಅವರ ಕೈಯಿಂದ ಯಾರು ತೆಗೆದುಕೊಂಡರೋ ನನಗೆ ನೆನಪಿಲ್ಲ.

ತಿಥಿ ಮುಗಿದ ಮರುದಿನ ಮಧ್ಯಾಹ್ನ ಅವರು ಏಣಿ ಇಟ್ಟುಕೊಂಡು ಅಟ್ಟ ಹತ್ತಿದರು. ಬಹಳ ಹೊತ್ತು ಇಳಿಯಲಿಲ್ಲ. ಹೆದರಿ ನನ್ನ ಗಂಡನನ್ನು ಕಳಿಸಿದೆ. ಖಾಲಿ ಅಟ್ಟದಲ್ಲಿ ಮಂಡಿಯೂರಿ ಕೂತು, ಅಂಗೈಯನ್ನು ತಗಡಿಗೆ ಒತ್ತಿ ಹಿಡಿದಿದ್ದರಂತೆ. ಬಿಡಿಸಿ ಕೆಳಗಿಳಿಸುವಾಗ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅವರ ತಾಯಿ ಆಗಿಬರೋದಿಲ್ಲ ಅಂದದ್ದು ಯಾಕೆ ಅಂತ ನಮಗೆಲ್ಲ ಅವತ್ತು ಅರ್ಥವಾಯಿತು. ಆ ಮುದುಕಿಗಾದರೂ ಕಾರಣ ಗೊತ್ತಿತ್ತೋ, ಅವರ ಅತ್ತೆ ಹೇಳಿದ್ದನ್ನು ಹಾಗೇ ಹೇಳುತ್ತಿದ್ದರೋ... ಕಾರಣ ಒಂದು ಮಾತಿನಲ್ಲಿ ಹೇಳಿದ್ದರೆ ಆಗುತ್ತಿತ್ತಲ್ಲ ಅಂತ ಸತ್ತವರ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅಲ್ಲಿಂದೀಚೆಗೆ ಎಷ್ಟೋ ಬೇಸಿಗೆ ಬಂದು ಹೋದವು. ಒಂದಕ್ಕಿಂತ ಒಂದು ಜೋರು. ಅಕ್ಕ ಹೋದ ವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ಭಾವ ಅಟ್ಟ ತುಂಬಿದರು. ಮತ್ತೆ ಇಳಿಸಲೇ ಇಲ್ಲ. ವ್ಯಾಪಾರಿಗಳು ಬಂದು ಕರೆದು, ಬೈದು, ಈಗ ಬರುವುದನ್ನೇ ಬಿಟ್ಟಿದ್ದಾರೆ. ಒಳಗಿನ ಕೊಬ್ಬರಿ ಎಂದೋ ಕನರಿದೆ. ಕೋತಿಗಳು ಶೀಟಿನ ಮೇಲೆ ಹಾರಿದರೆ ಅಟ್ಟದ ತುಂಬ ಒಣಗಿದ ಕಾಯಿಗಳು ಒಟ್ಟಿಗೇ ಗಟಗಟ ಅನ್ನುತ್ತವೆ. ಅದು ಕೇಳಿದಾಗೆಲ್ಲ ನನ್ನ ಮಿಷನ್ ನಿಂತುಹೋಗುತ್ತದೆ.

ಮೊನ್ನೆ ಆ ಕಾಲುಚೀಲ ನೋಡಿದ ಮೇಲೆ ಕೂರಲಾಗಲಿಲ್ಲ. ಸ್ವಲ್ಪ ಮಜ್ಜಿಗೆ ತೆಗೆದುಕೊಂಡು ಎದುರುಮನೆಗೆ ಹೋದೆ. ಬಹಳ ದಿನದಿಂದ ಆ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದ್ದರು. ನೆಲಕ್ಕೆ ನೀರು ಚಿಮುಕಿಸಿದ್ದರು. ಮಬ್ಬುಗತ್ತಲು, ಮೇಲೆ ಸಂದಿಯಲ್ಲಿ ಒಂದು ಗೆರೆ ಬೆಳಕಿಲ್ಲ. ಭಾವ ಕುರ್ಚಿಯಲ್ಲಿ ಕೂತಿದ್ದರು. ಒಗೆದ ಕಾಲುಚೀಲ ಇನ್ನೂ ಒಣಗಿರಲಿಲ್ಲವಲ್ಲ, ಪಾದಗಳಿಗೆ ಹಳೆಯ ಟವೆಲ್ಲು ಸುತ್ತಿಕೊಂಡಿದ್ದರು. ತಂಪಿಗೆ ನೋವು ತಡೆಯಲಾರದೆ ತೊಡೆ ಅದುರುತ್ತಿತ್ತು. ಅಂಗಳದಲ್ಲಿ ಅವರ ಚಪ್ಪಡಿ ಕಲ್ಲು ಬಿಸಿಲಲ್ಲಿ ಕಾದು ಬಿದ್ದಿತ್ತು. ಅಲ್ಲಿ ಹೋಗಿ ಕೂತುಕೊಳ್ಳಿ ಭಾವ, ಕಾಲಿಗೆ ಹಿತವಾಗುತ್ತದೆ ಅಂದೆ. ಅವರು ಟವೆಲ್ಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡರು.

ಅಕ್ಕನ ಮಂಚದ ಮೇಲೆ ಹಾಸಿಗೆ ಹಾಸಿತ್ತು, ದಿಂಬಿಗೆ ಒಗೆದ ಕವರು ಹಾಕಿತ್ತು. ಭಾವ ಅದರ ಕಡೆ ಕೈ ತೋರಿಸಿದರು.

"ಮುಟ್ಟಿ ನೋಡಮ್ಮ. ಈಗ ತಣ್ಣಗೈತೆ."

ಮುಟ್ಟಿ ನೋಡಿದೆ. ನಿಜವಾಗಿಯೂ ತಣ್ಣಗಿತ್ತು. ಅಕ್ಕನಿಗೆ ಬೇಕಾಗಿದ್ದದ್ದು ಇಷ್ಟೇ ತಂಪು... ದಿಂಬಿನ ಮೇಲೆ ಕೈಯಿಟ್ಟುಕೊಂಡು ಅವರ ಎದುರಿಗೇ ಅತ್ತುಬಿಟ್ಟೆ.