ಎಂಬತ್ತಕ್ಕೆ ನಿಲ್ಲಿಸಿದ್ದು

ಹೋದ ವಾರ ಸೊಲ್ಲಾಪುರ ರಸ್ತೆಯ ನನ್ನ ಸೋಲಾರ್ ಅಂಗಡಿಯ ಮುಂದೆ ಒಣದ್ರಾಕ್ಷಿ ತುಂಬಿದ ಟೆಂಪೊ ಒಂದು ಪಂಕ್ಚರ್ ಆಗಿ ನಿಂತಿತ್ತು. ಬಿಸಿಲು ಏರಿದಂತೆ ಅದರ ಸಿಹಿ, ಹುಳಿ ವಾಸನೆ ಅಂಗಡಿಯೊಳಗೆಲ್ಲ ತುಂಬಿಕೊಂಡಿತು. ಇನ್ವರ್ಟರಿಗೆ ವೈರು ಜೋಡಿಸುತ್ತಿದ್ದ ನನ್ನ ಕೈ ತಾನಾಗಿಯೇ ನಿಂತಿತು. ಆ ಕಾಕಾ ಬಂದಾಗಲೆಲ್ಲ ಅಂಗಿಯ ಕಿಸೆಯಿಂದ ಒಂದು ಹಿಡಿ ಒಣದ್ರಾಕ್ಷಿ ತೆಗೆದು ನನ್ನ ಟೇಬಲ್ಲಿನ ಮೇಲೆ ಇಡುತ್ತಿದ್ದರು...

ಅವರು ನನ್ನ ಸ್ವಂತ ಕಾಕಾ ಅಲ್ಲ, ಗಿರಾಕಿ. ಲೈನ್‌ಮನ್ ಆಗಿ ಜೀವಮಾನವೆಲ್ಲ ಕಂಬ ಹತ್ತಿ ನಿವೃತ್ತರಾದವರು. ತಿಕೋಟಾದ ಆಚೆ, ತಮ್ಮ ದ್ರಾಕ್ಷಿ ತೋಟದ ನಡುವೆ ಹೊಸದಾಗಿ ಮನೆ ಕಟ್ಟಿಕೊಂಡಿದ್ದರು. ಅಲ್ಲಿಯತನಕ ಕರೆಂಟಿನ ಲೈನ್ ಬಂದಿರಲಿಲ್ಲ. ಊರಿಗೆಲ್ಲ ತಂತಿ ಎಳೆದವರ ಮನೆಗೆ ಸೂರ್ಯನೇ ಗತಿ ಎಂದು ನಾನು ಚೇಷ್ಟೆ ಮಾಡಿದರೆ ಬಾಯಿತುಂಬ ನಗುತ್ತಿದ್ದರು.

ಆಗ ನಾನು ಅಂಗಡಿ ತೆರೆದು ವರ್ಷವೂ ಆಗಿರಲಿಲ್ಲ. ಒಳಗೆ ಬಂದವರು ನನ್ನನ್ನು ನೋಡಿ, "ಮಾಲಕರು ಇಲ್ಲೇನ್ರಿ?" ಎಂದು ಕೇಳುತ್ತಿದ್ದರು. ಡಿಪ್ಲೊಮಾ ಓದಿದವಳೂ ನಾನೇ, ಅಂಗಡಿಯ ಮಾಲಕಿಯೂ ನಾನೇ ಎಂದು ಹೇಳಿ ಹೇಳಿ ನನ್ನ ನಾಲಿಗೆ ಹರಿತವಾಗಿತ್ತು. ಕಾಕಾ ಮಾತ್ರ ಆ ಪ್ರಶ್ನೆ ಕೇಳಲಿಲ್ಲ. ಮೊದಲ ದಿನವೇ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, "ಯವ್ವಾ, ಲಿಥಿಯಂ ಬ್ಯಾಟರಿ ಅಂದ್ರ ಏನು, ನನಗ ತಿಳಿಸಿ ಹೇಳು" ಎಂದರು. ಅಷ್ಟಕ್ಕೇ ನಾನು ಅವರಿಗೆ ಸೋತುಹೋದೆ.

ಬ್ಯಾಟರಿ ಜೋಡಿಸಲು ನಾನೇ ತೋಟಕ್ಕೆ ಹೋದೆ. ಚಾರ್ಜಿನ ಸೆಟ್ಟಿಂಗ್ ಹಾಕುವಾಗ ಅವರು ಪಕ್ಕದಲ್ಲೇ ನಿಂತಿದ್ದರು.

"ಪೂರಾ ತುಂಬಸೂದಿಲ್ಲೇನು?"

"ಇದು ನೀರು ಹಾಕೂ ಹಳೀ ಬ್ಯಾಟರಿ ಅಲ್ರಿ ಕಾಕಾ. ಚಾರ್ಜ್ ಮ್ಯಾಲ ಎಂಬತ್ತು ಪರ್ಸೆಂಟಿಗೆ ನಿಲ್ಲಬೇಕು, ಕೆಳಗ ಇಪ್ಪತ್ತಕ್ಕ ಬಂದ್ ಆಗಬೇಕು. ಹಿಂಗಿಟ್ಟರ ಹದಿನೈದು ವರ್ಷ ಬಾಳತೈತಿ."

ಯಾವ ಬಟನ್ ಒತ್ತಿದರೆ ಏನಾಗುತ್ತದೆ ಎಂದು ಎಲ್ಲವನ್ನೂ ತೋರಿಸಿದೆ. ಒಂದೂ ಬಿಡದೆ ಡೈರಿಯಲ್ಲಿ ಬರೆದುಕೊಂಡರು. ಆಮೇಲೆ ಚಾಕ್‌ಪೀಸ್ ತಂದು ಇನ್ವರ್ಟರಿನ ಕೆಳಗೆ, ಗೋಡೆಯ ಮೇಲೆ, "ಯಾರೂ ಕೈ ಹಚ್ಚಬಾರದು" ಎಂದು ದೊಡ್ಡ ಅಕ್ಷರದಲ್ಲಿ ಬರೆದರು. ಲೈನ್‌ಮನ್‌ಗಳದು ಒಂದು ಪದ್ಧತಿಯಂತೆ. ಒಬ್ಬ ಕೆಲಸಕ್ಕೆಂದು ಲೈನ್ ಬಂದ್ ಮಾಡಿಸಿ ಕಂಬ ಹತ್ತಿದರೆ, ಅವನು ಇಳಿದು ಬಂದು ಹೇಳುವತನಕ ಇನ್ನೊಬ್ಬರು ಅದನ್ನು ಚಾಲೂ ಮಾಡುವಂತಿಲ್ಲ. ಹಾಗೆ ಮಾಡಿದರೆ ಮೇಲಿದ್ದವನ ಜೀವ ಹೋಗುತ್ತದೆ. ನನ್ನ ಸೆಟ್ಟಿಂಗನ್ನೂ ಅವರು ಹಾಗೆಯೇ ಕಂಡರು. ನನಗೋ ಅದು ದೊಡ್ಡ ಮರ್ಯಾದೆಯಾಗಿ ಕಂಡಿತು.

ಕೆಲವು ತಿಂಗಳಿಗೆ ಅವರ ಹೆಂಡತಿ, ಕಾಕಿಯ ಉಬ್ಬಸ ಜೋರಾಯಿತು. ಮಲಗಿದಾಗ ರಾತ್ರಿಯೆಲ್ಲ ಆಕ್ಸಿಜನ್ ಮಷಿನ್ ಹಚ್ಚಬೇಕೆಂದು ಡಾಕ್ಟರು ಹೇಳಿದರು. ಅದಾಗಿ ಎರಡು ದಿನಕ್ಕೆ ಕಾಕಾ ಅಂಗಡಿಗೆ ಬಂದರು.

"ಯವ್ವಾ, ಮಷಿನ್ ಬಂದಾಗಿಂದ ಬೆಳತನಕ ಬ್ಯಾಟರಿ ಸ್ವಲ್ಪ ಕಮ್ಮಿ ಬೀಳಾಕತ್ತೈತಿ. ಎಂಬತ್ತರ ಮ್ಯಾಲ ಏರಸಾಕ ಬರತೈತೇನು ನೋಡು."

ಅಂಗಡಿಯಲ್ಲಿ ನಾಲ್ಕಾರು ಜನ ಇದ್ದರು. ಅವರಲ್ಲೊಬ್ಬ ಆಗಷ್ಟೇ ಮಾಲಕರನ್ನು ಕೇಳಿದ್ದ. ನನ್ನ ತಲೆ ಕೆಟ್ಟಿತ್ತು.

"ಏರಿಸಿದರ ಬ್ಯಾಟರಿ ಲಗೂನ ಹಾಳಾಗತೈತ್ರಿ ಕಾಕಾ. ಟಿವಿ, ಫ್ಯಾನ್ ಕಮ್ಮಿ ಮಾಡ್ರಿ" ಎಂದೆ, ಎಲ್ಲರಿಗೂ ಕೇಳುವಂತೆ.

"ಆತವ್ವಾ, ನೀ ಹೇಳಿದ ಮ್ಯಾಲ ಆತು" ಎಂದು ಒಣದ್ರಾಕ್ಷಿ ಇಟ್ಟು ಹೋದರು. ಸ್ವಲ್ಪ ಎಂದರೆ ಎಷ್ಟು ಎಂದು ನಾನು ಕೇಳಲಿಲ್ಲ... ಕೇಳಬೇಕಿತ್ತು. ಇವತ್ತಿಗೂ ಅದನ್ನು ನೆನೆದರೆ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಮೂರು ವಾರ ಕಳೆದ ಮೇಲೆ ಮತ್ತೆ ಬಂದರು. ಕಣ್ಣು ಕೆಂಪಾಗಿದ್ದವು, ಗಡ್ಡ ಬೆಳೆದಿತ್ತು. ಕೂರಲಿಲ್ಲ.

"ಬ್ಯಾಟರಿ ಹದಿನೈದು ವರ್ಷ ಬಾಳೂದು ಬ್ಯಾಡವ್ವಾ. ಆಕಿಗೆ ಬೆಳತನಕ ಬಂದ್ರ ಸಾಕು."

ನಾನು ಮೊಬೈಲಿನಲ್ಲಿ ಇನ್ವರ್ಟರಿನ ಆ್ಯಪ್ ತೆರೆದು ಕೂತಲ್ಲಿಂದಲೇ ಮೇಲಿನ ಮಿತಿಯನ್ನು ನೂರಕ್ಕೆ ಏರಿಸಿ, ಕೆಳಗಿನದನ್ನು ಹತ್ತಕ್ಕೆ ಇಳಿಸಿದೆ. ಒಂದು ನಿಮಿಷದ ಕೆಲಸ.

"ಬಟನ್ ಎಲ್ಲಾ ತೋರಿಸಿದ್ನೆಲ್ರಿ ಕಾಕಾ? ನೀವ ಮಾಡಬಹುದಿತ್ತಲ್ರಿ?"

"ನೀ ನಿಲ್ಲಿಸಿದ್ದನ್ನ ನಾ ಹೆಂಗ ಚಾಲೂ ಮಾಡ್ಲಿ?" ಎಂದರು, ನಾನೇ ತಿಳಿಯದ ಮಾತು ಆಡಿದೆನೇನೋ ಎನ್ನುವಂತೆ.

ಕಾಕಿ ಮತ್ತೆ ಹತ್ತು ತಿಂಗಳು ಇದ್ದರು. ಅವರು ತೀರಿಕೊಂಡು ವರ್ಷದೊಳಗೆ ಕಾಕಾ ಕೂಡ ಹೋದರು.

ಆ ಟೆಂಪೊ ಬಂದು ನಿಂತ ಮರುದಿನವೇ ಬಬಲೇಶ್ವರದಲ್ಲಿರುವ ಅವರ ಮಗಳ ಫೋನ್ ಬಂತು. ತೋಟವನ್ನು ಗುತ್ತಿಗೆಗೆ ಕೊಡುತ್ತಿದ್ದೇವೆ, ಸೋಲಾರ್ ಸಾಮಾನು ಬಿಚ್ಚಿಕೊಂಡು ಹೋಗಿ ಎಂದಳು. ಹೋದೆ. ಬ್ಯಾಟರಿ ಇನ್ನೂ ಹೊಸದರಂತೆಯೇ ಇತ್ತು. ಬಿಚ್ಚುವ ಮೊದಲು ರೂಢಿಯಂತೆ ಮೊಬೈಲಿನಲ್ಲಿ ಹಳೆಯ ದಾಖಲೆ ತೆರೆದೆ. ಆ ಮೂರು ವಾರದ ಗೆರೆಗಳು ಕಂಡವು. ದಿನಾಲೂ ನಸುಕಿನ ನಾಲ್ಕರ ಸುಮಾರಿಗೆ ಇಪ್ಪತ್ತಕ್ಕೆ ಇಳಿದು, ಅಲ್ಲಿಗೆ ಎಲ್ಲ ಬಂದ್. ಮತ್ತೆ ಜೀವ ಬಂದದ್ದು ಹೊತ್ತು ಏರಿದ ಮೇಲೆ. ಇಪ್ಪತ್ತೆರಡು ದಿನ. ಇದೆಲ್ಲ ಆಗಲೂ ನನ್ನ ಮೊಬೈಲಿನಲ್ಲೇ ಇತ್ತು, ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಮಗಳಿಗೆ ತೋರಿಸಿ, ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದೆ.

"ಅವ್ವಗ ಅಡ್ಡಾದ್ರ ಉಸಿರ ಸಿಗತಿದ್ದಿಲ್ರಿ. ಮಷಿನ್ ಬಂದ್ ಆದಕೂಡ್ಲೆ ಅಪ್ಪ ಆಕಿನ್ನ ಎಬ್ಬಿಸಿ ಎದೀಗೆ ಆನಿಸ್ಕೊಂಡು ಕುಂಡರತಿದ್ದನಂತ, ಹೊತ್ತು ಏರೂತನಕ" ಎಂದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು: "ಅಂಗಡಿ ಹುಡಿಗಿಗೆ ಒಂದು ಫೋನ್ ಹಚ್ಚರಿ ಅಂತ ಅವ್ವ ಅಂದ್ರ, 'ಪಾಪ, ಈಗ ಮಲಗಿರತಾಳ, ಮಲಗಲಿ ಬಿಡು' ಅಂತಿದ್ದನಂತ್ರಿ."

ಹೌದು, ಮಲಗಿದ್ದೆ. ಆ ಇಪ್ಪತ್ತೆರಡು ದಿನವೂ ಜಲನಗರದ ನನ್ನ ಮನೆಯಲ್ಲಿ ಏಳು ಗಂಟೆಯತನಕ ನಾನು ಮಲಗಿಯೇ ಇದ್ದೆ.