ಗೋಡೆಯೊಳಗಿನ ಅರಳಿ ಬೇರು

ವಡಾಲದ ಒಂದು ಬಿಲ್ಡಿಂಗಿನಲ್ಲಿ ಡ್ರೈನೇಜ್ ಪೈಪ್ ಕಟ್ಟಿಕೊಂಡಿತ್ತು. ಪ್ಲಂಬರ್ ಅಂತ ನನ್ನನ್ನು ಕರೆದರು. ಮೂರನೇ ಮಹಡಿಯ ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿ ಗಿಡದ ಬೇರು ಪೈಪಿನೊಳಗೆ ಇಳಿದಿತ್ತು.

ಸೊಸೈಟಿ ಸೆಕ್ರೆಟರಿ ಉಡುಪಿ ಕಡೆಯವರು. "ಅರಳಿ ಕಡಿದರೆ ನಮಗೆ ಪಾಪ ಮಾರಾಯ. ನಿಮ್ಮವರಿಗೆ ಅದೆಲ್ಲ ಇಲ್ಲವಲ್ಲ, ನೀನೇ ಕಡಿ" ಎಂದರು. ಮುಸಲ್ಮಾನನಿಗೆ ಈ ಕೆಲಸ ಇಲ್ಲಿ ಕಾಯಂ.

ಕಡಿದು ಎಳೆದೆ. ಮಾರುದ್ದದ ಬೇರು ಬಂತು. "ಗಿಡ ಗೋಡೆಗೆ ಅಡ್ಡ ಉಂಟು. ಕತ್ತಲೆಯಲ್ಲಿ ಬೇರಿಗೆ ಕೆಳಗಿನ ದಾರಿ ಹೇಗೆ ಗೊತ್ತಾಯ್ತು?" ಅಂತ ಅವರಿಗೆ ಆಶ್ಚರ್ಯ.

"ನನ್ನ ಮಗಳು ಮೊಳಕಿ ಬಂದ ಹೆಸರುಕಾಳು ಅಡ್ಡ ಮಲಗಿಸಿ ಇಟ್ಟಿದ್ಲರಿ. ಬೇರು ತಾನಾ ಕೆಳಗ ಬಾಗಿತ್ತು. ತುದಿಯೊಳಗ ಸಣ್ಣ ಹರಳಿನಂಥವು ಇರ್ತಾವಂತ. ಅವು ಭಾರಕ್ಕ ಎತ್ತ ಕೂಡ್ತಾವ, ಬೇರು ಅತ್ತ ಹೋಗ್ತದಂತ."

"ಮಗಳು ಹುಷಾರಿದ್ದಾಳೆ" ಎಂದು ಮೆಚ್ಚಿದರು. ಅದೇ ಧೈರ್ಯದಲ್ಲಿ ಕೇಳಿಬಿಟ್ಟೆ: "ನೆಲಮಹಡಿ ರೂಮ್ ಖಾಲಿ ಐತಲ್ರಿ, ನಮಗ ಬಾಡಿಗಿ ಕೊಡ್ತೀರೇನು?"

ಅವರು ಪೈಪಿನ ಕಡೆ ನೋಡಿದರು. "ಕಮಿಟಿ ಒಪ್ಪುದಿಲ್ಲ ಮಾರಾಯ. ಗಿಡ ಪುನಃ ಬಂದರೆ ಕರೀತೇವೆ."

ಕರೆಯುತ್ತಾರೆ. ಬಿರುಕಿನೊಳಗೆ ಒಂದು ತುಂಡು ಬೇರು ಬಿಟ್ಟೇ ಬಂದಿದ್ದೇನೆ. ಅದಕ್ಕೆ ಅಲ್ಲಿರಲು ಕಮಿಟಿಯನ್ನು ಕೇಳಬೇಕಾಗಿಲ್ಲ.