ಬೇಕೆಂದೇ ಇಟ್ಟ ಒಂದು ತಪ್ಪು

ಬೆಳಗಿನ ಐದೂಕಾಲು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಆರಿಹೋಗುತ್ತಿರುವ ಚಹಾ. ಹಲ್ಲಿನ ಆಸ್ಪತ್ರೆಯ ಸ್ವಾಗತಕಾರಿಣಿಯೊಬ್ಬರು ಕೂತು ಹಸಿ ಸುಳ್ಳೊಂದನ್ನು ಬರೆಯುತ್ತಿದ್ದಾರೆ: ಪುಸ್ತಕ ವಾಪಸ್ ಪಡೆಯಲು ಹಸಿರು ಬಟನ್ ಒತ್ತಿ. ಒತ್ತಬೇಕಾದದ್ದು ನೀಲಿ. ಬರೆದು ಮುಗಿಸಿ, ಒಳಗೊಳಗೇ ನಕ್ಕು, ಅಣ್ಣನ ಹೆಂಡತಿ ಏಳಲೆಂದು ಕಾಯುತ್ತಾರೆ.

ಯಾವ ಪುಸ್ತಕ ಯಾರ ಬಳಿ ಇದೆ ಎಂದು ನೋಡಿಕೊಳ್ಳಲು ಸಣ್ಣ ಗ್ರಂಥಾಲಯಗಳು ಬಳಸುವ ಉಚಿತ ತಂತ್ರಾಂಶವೊಂದಿದೆ. ಹಲವು ಊರುಗಳ ಸ್ವಯಂಸೇವಕರು ಬಿಡುವಿನಲ್ಲಿ ಕಟ್ಟಿದ್ದು. ಅದರ ಇನ್ನೂರ ಹನ್ನೆರಡು ಪುಟಗಳ ಕೈಪಿಡಿ ಒಂಬತ್ತು ವರ್ಷಗಳಿಂದ ಇವರ ಹೆಗಲ ಮೇಲಿದೆ. ತಂಡದ ಪ್ರೋಗ್ರಾಮರ್‌ಗಳಿಗೆ ಇವರು 'ಕೈಪಿಡಿ ಅಕ್ಕ'. ಸಂಬಳವಿಲ್ಲ. ದಿನಕ್ಕೆ ಒಂದೂವರೆ ಗಂಟೆ ಬರೆದು, ಎಂಟಕ್ಕೆ ಆಸ್ಪತ್ರೆಯ ಬಾಗಿಲು ತೆರೆಯುತ್ತಾರೆ.

ಮೂರು ವರ್ಷದ ಹಿಂದೆ ತಂಡ ಕೈಪಿಡಿಯನ್ನು ಬರೆದು ಪ್ರಕಟಿಸುವ ಸಾಧನವನ್ನೇ ಬದಲಿಸಿತು. ಪುಟಗಳೇನೋ ಥಳಥಳಿಸಿದವು. ಆದರೆ ತಿಂಗಳಿಗೆ ನಲವತ್ತು ಬರುತ್ತಿದ್ದ ಓದುಗರ ತಿದ್ದುಪಡಿ ಮೂರಕ್ಕಿಳಿಯಿತು. "ತಪ್ಪೇ ಇಲ್ಲ ಅಂತ ಎಲ್ರೂ ಬೀಗಿದ್ವಿ, ನಾನೂ ಬೀಗಿದೆ. ಆಮೇಲೆ ಗೊತ್ತಾಯ್ತು. ಖಾತೆ ತೆಗಿ, ಅದನ್ನ ಇಳಿಸ್ಕೊ, ಇದನ್ನ ಜೋಡಿಸು ಅಂತ ಸತಾಯಿಸಿದ್ರೆ ಯಾರು ತಾನೇ ತಿದ್ತಾರೆ?" ಇದನ್ನು ಹೇಳುವಾಗ ಈಗಲೂ ಅವರ ಮುಖ ಸಣ್ಣದಾಗುತ್ತದೆ.

ಈಗ ಮತ್ತೆ ಸಾಧನ ಆರಿಸುವ ಕಾಲ. ಉಳಿದಿರುವುದು ಎರಡು. ಒಂದು ಪ್ರೋಗ್ರಾಮರ್‌ಗಳು ಮನಸೋತದ್ದು. ಇನ್ನೊಂದು ನೋಡಲು ಸಪ್ಪೆ, ಆದರೆ ಪ್ರತಿ ಪುಟದಲ್ಲೂ 'ತಿದ್ದಿ' ಎಂಬ ಬಟನ್ ಇದೆ. ನೂರೆಂಬತ್ತು ಸಂದೇಶಗಳಷ್ಟು ಕಿತ್ತಾಡಿದ ಮೇಲೆ ಇವತ್ತು ಸಂಜೆ ಮತದಾನ. ಸಪ್ಪೆಯದು ಸೋತರೆ ಓದುಗರು ಬಾಯಿ ಮುಚ್ಚಿಕೊಂಡೇ ಇರುತ್ತಾರೆಂಬ ದಿಗಿಲು ಅಕ್ಕನಿಗೆ. ಅದಕ್ಕೇ ಈ ಪರೀಕ್ಷೆ: ಶಾಲಾ ಗ್ರಂಥಾಲಯದಲ್ಲಿ ಇದೇ ತಂತ್ರಾಂಶ ಬಳಸುವ ಅತ್ತಿಗೆ, ಎರಡರ ಪ್ರಯೋಗದ ಪ್ರತಿಗಳಲ್ಲೂ ಆ ಹಸಿರು ಬಟನ್ನಿನ ತಪ್ಪು ತಿದ್ದಬೇಕು.

ಅತ್ತಿಗೆ ಎದ್ದು ಬಂದು ಕನ್ನಡಕ ಏರಿಸುತ್ತಾರೆ. ಮೊದಲನೆಯದರಲ್ಲಿ ಇಪ್ಪತ್ತು ನಿಮಿಷ ಒದ್ದಾಡಿ, "ನನ್ ಕೈಲಾಗಲ್ಲ ತಾಯಿ, ಬಿಟ್ಬಿಡು" ಎಂದು ಕೈಮುಗಿಯುತ್ತಾರೆ. ಸಪ್ಪೆಯದರಲ್ಲಿ ನಾಲ್ಕೇ ನಿಮಿಷ. ಆದರೆ ಮೇಲೇಳುವುದಿಲ್ಲ, ಮುಂದಿನ ಪುಟಕ್ಕೆ ಹೋಗಿ ಇನ್ನೊಂದು ಸಾಲಿಗೆ ಕೈಹಾಕುತ್ತಾರೆ.

"ಅದನ್ಯಾಕೆ ಮುಟ್ತೀರಿ ಅತ್ತಿಗೆ? ನಾನಿಟ್ಟಿದ್ದು ಒಂದೇ ತಪ್ಪು."

"ಇದೂ ತಪ್ಪೇ ಕಣೆ. ಪಟ್ಟಿಯಿಂದ ಅಳಿಸಿದ ಪುಸ್ತಕ ಮತ್ತೆ ತರಬಹುದು ಅಂತ ಬರ್ದಿದೀಯ. ಬರಲ್ಲ. ಆರು ವರ್ಷದಿಂದ ನೋಡ್ತಿದೀನಿ."

"ಒಂದೇ ಮನೇಲಿದ್ದು ಹೇಳ್ಬಾರ್ದಿತ್ತಾ?"

"ನೀನು ಬರ್ದಿದ್ದಲ್ವಾ, ತಪ್ಪಿರಲ್ಲ, ನಾನೇ ಏನೋ ತಪ್ಪು ಒತ್ತಿರ್ಬೇಕು ಅಂದ್ಕೊಂಡೆ. ಈಗ 'ತಿದ್ದಿ' ಅಂತ ನೀನೇ ಕೇಳ್ತಿದೀಯಲ್ಲ."

ಅಕ್ಕ ಆ ಮಾತನ್ನು ಅಕ್ಷರವೂ ಬದಲಿಸದೆ ತಂಡಕ್ಕೆ ಕಳಿಸುತ್ತಾರೆ. ಸಂಜೆ ಸಪ್ಪೆಯ ಸಾಧನ ಹದಿನಾಲ್ಕು ಮತ ಪಡೆದು ಗೆಲ್ಲುತ್ತದೆ, ಎದುರು ಮೂರೇ.

ಖುಷಿಯಾಯಿತೇ ಎಂದರೆ ಬೆಳಗ್ಗೆ ಕುಡಿಯದೆ ಬಿಟ್ಟ ಚಹಾದ ಲೋಟ ತೊಳೆಯುತ್ತಾ ಹೇಳುತ್ತಾರೆ: "ಇನ್ಮೇಲೆ ದಿನಾ ಯಾರಾದ್ರೂ ನನ್ನ ತಪ್ಪು ಹಿಡೀತಾರೆ. ಹಿಡೀಲಿ. ಅಷ್ಟಾದ್ರೆ ಸಾಕು."